ಕೆನ್ನೆಯೊಳಗೆ ಕೆಟ್ಟ ತೂಬು

ಸಿಂಧನೂರು ತಾಲ್ಲೂಕಿನ ಗೊರೇಬಾಳದ ಕಡೆ ಕಾಲುವೆ ನೀರು ಎಂದರೆ ಬರೀ ನೀರಲ್ಲ, ಲೆಕ್ಕ. ತುಂಗಭದ್ರಾ ಎಡದಂಡೆಯಲ್ಲಿ ನೀರು ಎಷ್ಟೇ ಇರಲಿ, ಯಾವ ತೂಬು ಎತ್ತಿದರು, ಯಾವುದನ್ನು ಇಳಿಸಿದರು ಎಂಬುದರ ಮೇಲೆ ಭತ್ತದ ಹಣೆಬರಹ. ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ: ಸುಮಾರು 300 ಕೋಟಿ ಅಕ್ಷರ, 20 ಸಾವಿರದಷ್ಟು ಜೀನ್. ಆದರೂ ಕಣ್ಣು ಕಣ್ಣೇ, ಕೆನ್ನೆ ಕೆನ್ನೆಯೇ. ಯಾಕೆಂದರೆ ಪ್ರತಿ ಕೋಶವೂ ತನಗೆ ಬೇಕಾದ ತೂಬುಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ವಿಜ್ಞಾನಿಗಳು ಜೀನ್ ಅಭಿವ್ಯಕ್ತಿ ಎನ್ನುವುದು ಇದನ್ನೇ.

ಈಗ ಈ ತೂಬುಗಳನ್ನು ಕೆಡಿಸುವ ಪಾಕೀಟಿನ ಮಾತು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಆಮೇಲೆ ಪಾನ್ ಮಸಾಲಾ ಒಂದು, ತಂಬಾಕು ಒಂದು ಎಂದು ಎರಡು ಪಾಕೀಟು ಬಂದವು. ಅಂಗೈಯಲ್ಲಿ ಕೂಡಿಸಲು ಎಷ್ಟು ಹೊತ್ತು ಬೇಕು? ಆ ಬೆರಕೆ ಕೆನ್ನೆಗೂ ವಸಡಿಗೂ ನಡುವೆ ಗಂಟೆಗಟ್ಟಲೆ ಕೂರುತ್ತದೆ. ತಂಬಾಕಿನ ನೈಟ್ರೊಸಮೈನ್‌ಗಳು ಡಿಎನ್‌ಎಗೆ ಅಂಟಿಕೊಂಡು ಅಕ್ಷರ ತಪ್ಪಿಸುತ್ತವೆ. ‘ನಾನು ಬರೀ ಅಡಿಕೆ ಹಾಕ್ಕೊಳ್ಳೋದ್ರಿ, ತಂಬಾಕು ಮುಟ್ಟಲ್ಲ’ ಎನ್ನುವವರಿಗೂ ಬಿಡುವಿಲ್ಲ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ರಾಜ್ಯಕ್ಕೆ ಇದು ಹಿಡಿಸದ ಮಾತು, ಗೊತ್ತು.

ಒಂದು ಅಕ್ಷರ ತಪ್ಪಿದರೆ ಏನಾದೀತು? ಎಚ್-ರಾಸ್ ಎಂಬ ಜೀನ್ ಕೋಶಕ್ಕೆ ‘ಬೆಳೆ’ ಎಂದು ಹೇಳುವ ತೂಬು. ಕೆಲಸ ಮುಗಿದ ಮೇಲೆ ತಾನೇ ಮುಚ್ಚಿಕೊಳ್ಳಬೇಕು. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಮುಚ್ಚಿಕೊಳ್ಳುವ ಶಕ್ತಿಯೇ ಹೋಗುತ್ತದೆ ಎಂಬುದು 1982ರಲ್ಲಿ ಮೂತ್ರಕೋಶದ ಕ್ಯಾನ್ಸರಿನಲ್ಲಿ ತಿಳಿಯಿತು. ನೀರು ಹರಿಯುತ್ತಲೇ ಇರುತ್ತದೆ, ಕೋಶ ಒಂದು ಎರಡಾಗಿ ಒಡೆಯುತ್ತಲೇ ಇರುತ್ತದೆ.

ಹಾಗಾದರೆ ಕಾಯುವವರು ಇಲ್ಲವೇ? ಇದ್ದಾನೆ, ಪಿ53 ಎಂಬ ಪ್ರೋಟೀನ್. ಕಾಲುವೆ ಕಾಯುವ ಗ್ಯಾಂಗ್‌ಮನ್ ಇದ್ದಂತೆ. ಡಿಎನ್‌ಎಗೆ ಪೆಟ್ಟು ಬಿದ್ದ ಸುದ್ದಿ ಬಂದೊಡನೆ ಪಿ21 ಎಂಬ ಜೀನ್ ತೆರೆಸಿ ಕೋಶ ವಿಭಜನೆ ನಿಲ್ಲಿಸುತ್ತಾನೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನೇ ಸಾಯುವ ಜೀನ್‌ಗಳನ್ನು ತೆರೆಸುತ್ತಾನೆ. ಈ ಪಿ53 ನಾಲ್ಕು ಅಣು ಕೂಡಿಯೇ ಡಿಎನ್‌ಎ ಹಿಡಿಯಬೇಕು. ನಾಲ್ವರಲ್ಲಿ ಕೈಯಿಲ್ಲದವರು ಸೇರಿಕೊಂಡರೆ ಹಿಡಿತ ಸಡಿಲ. ಹೀಗಾಗಿ ಪಿ53 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಒಳ್ಳೆಯ ಪ್ರತಿಯ ದುಡಿಮೆಗೆ ಕಲ್ಲು ಬೀಳುತ್ತದೆ.

ಇದು ಬರೀ ಪರದೇಶದ ಪುಸ್ತಕದ ಮಾತಲ್ಲ. ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಕೂಡಿ, ವಸಡು-ಕೆನ್ನೆ ಕ್ಯಾನ್ಸರಿನ 110 ಭಾರತೀಯ ರೋಗಿಗಳ ಗಡ್ಡೆ ಪರೀಕ್ಷಿಸಿ 2013ರಲ್ಲಿ ವರದಿ ಕೊಟ್ಟರು. ಕೆಟ್ಟ ಜೀನ್‌ಗಳ ಪಟ್ಟಿಯಲ್ಲಿ ಪಿ53, ಎಚ್-ರಾಸ್ ಇದ್ದವು. ಜೊತೆಗೆ ಎಂಎಲ್‌ಎಲ್4, ಎಆರ್‌ಐಡಿ2 ಎಂಬ ಜೀನ್‌ಗಳೂ ಕೆಟ್ಟಿದ್ದವು. ಇವು ಡಿಎನ್‌ಎ ಸುರುಳಿಯ ಬಿಗಿ-ಸಡಿಲ ನೋಡಿಕೊಳ್ಳುವಂಥವು. ಅಂದರೆ ಕೆಟ್ಟದ್ದು ಒಂದು ತೂಬಲ್ಲ, ಯಾವ ತೂಬು ಯಾವಾಗ ಎಂಬ ಪಾಳಿಯೇ ತಪ್ಪಿದೆ.

ಪಾಳಿ ತಪ್ಪಲು ಅಕ್ಷರದೋಷವೇ ಬೇಕೆಂದೂ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2010ರಲ್ಲಿ ತೋರಿಸಿದ್ದು ಅದನ್ನೇ. ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿಗೆ ಅಸಿಟೈಲ್ ಗುರುತು ಅತಿಯಾಗಿ ಅಂಟಿರುತ್ತದೆ. ಸುರುಳಿ ಸಡಿಲವಾಗಿ, ತೆರೆಯಬಾರದ ಜೀನ್‌ಗಳು ತೆರೆದುಕೊಳ್ಳುತ್ತವೆ. ಅರಿಶಿನದ ಕರ್ಕ್ಯುಮಿನ್‌ನಿಂದ ಮಾರ್ಪಡಿಸಿ ತಯಾರಿಸಿದ ಒಂದು ಅಣು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿಸಿತು. ಇಲಿಗಳಲ್ಲಿ, ನೆನಪಿರಲಿ. ಇದನ್ನು ಓದಿ ಅರಿಶಿನ ಹಾಲು ಕುಡಿದು ಕೂತರೆ ಹೊತ್ತು ಹೋಗುತ್ತದಷ್ಟೇ.

ಬಾಯಿ ಕ್ಯಾನ್ಸರ್ ಎಷ್ಟೋ ಸಲ ಮೊದಲೇ ಗುರುತು ತೋರಿಸುತ್ತದೆ, ನೋವು ಮಾತ್ರ ಇರುವುದಿಲ್ಲ. ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ಒಂದರ ಮೇಲೊಂದಾಗಿ ಮೂರು ಬೆರಳು ಹಿಡಿಯದಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಕಲೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಭತ್ತದ ಕೊಯ್ಲು ಮುಗಿಯಲಿ ಎನ್ನದೆ ದಂತ ವೈದ್ಯರಿಗೆ ತೋರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ.