ಮನೆ ಬದಲಾವಣೆ: ಹೊರೆ ನಮ್ಮದು, ಹೊಣೆಯೂ ನಮ್ಮದು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆ ಬದಲಾಯಿಸುವ ಕಷ್ಟವನ್ನು ಹೇಳದೆ ಬಿಟ್ಟರು. ಅಂದು ಹೆಚ್ಚಿನವರ ಬಾಳು ಹುಟ್ಟಿದ ಮನೆಯಲ್ಲೇ ಮುಗಿಯುತ್ತಿತ್ತು. ಇಂದು ಉದ್ಯೋಗ, ವರ್ಗಾವಣೆ, ಆಸ್ತಿಯ ಪಾಲು ಹೀಗೆ ಕಾರಣಗಳು ಹಲವು. ಮಳೆ ಹಿಡಿಯುವ ಮೊದಲು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ನಮ್ಮ ಜಿಲ್ಲೆಯ ಅನೇಕ ಕುಟುಂಬಗಳು ಬಿಡಾರ ಎತ್ತುತ್ತವೆ. ಬಾಡಿಗೆಗೊಂದು ಪಿಕಪ್ ಹಿಡಿದು, ನಾಲ್ಕು ಮಂದಿ ನೆಂಟರಿಷ್ಟರನ್ನು ಕೂಡಿಸಿಕೊಂಡರೆ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು.

ಹಾಗೆ ಮಾಡಿದರೆ ಕೂಲಿಯ ತಕರಾರು ಬಂದೀತೇ ಎಂದು ಹಲವರು ಅಂಜುತ್ತಾರೆ. ಕೇರಳದ ತಲೆಹೊರೆ ಕಾರ್ಮಿಕರ ಕಾನೂನು 1978ರದು. ಮನೆ ಬಳಕೆಗಾಗಿ ಒಬ್ಬ ವ್ಯಕ್ತಿ ನೇಮಿಸಿಕೊಂಡ ಆಳು ಆ ಕಾನೂನಿನ ವ್ಯಾಖ್ಯೆಯಿಂದ ಹೊರಗುಳಿಯುತ್ತಾನೆ. ಕೈ ಹಾಕದೆ ಬರೀ ನೋಡುತ್ತ ನಿಂತದ್ದಕ್ಕೆ ಕೇಳುವ ‘ನೋಕುಕೂಲಿ’ಯನ್ನು ಸರಕಾರವು 2018ರ ಮೇ 1ರಿಂದ ನಿಷೇಧಿಸಿದೆ. ಆದರೆ ಕಪಾಟು ಎತ್ತಲು ಕಾರ್ಮಿಕರನ್ನು ಕರೆದೆವೆಂದಾದರೆ, ಅವರ ಬೆವರಿಗೆ ತಕ್ಕ ಕೂಲಿಯನ್ನು ಮೊದಲೇ ಮಾತಾಡಿ ಕೊಡುವುದು ನ್ಯಾಯ. ಪಿಕಪ್ಪಿನ ಬಾಡಿಗೆಯೂ ಹಾಗೆಯೇ: ಎಷ್ಟು ಸಲ ಹೋಗಿಬರಬೇಕು, ಕಾಯುವುದಕ್ಕೆ ಎಷ್ಟು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಬೇಕು.

ಹೇರುವುದರಲ್ಲಿಯೂ ಒಂದು ಕ್ರಮವಿದೆ. ಕಬ್ಬಿಣದ ಕಪಾಟು, ಅರೆಯುವ ಕಲ್ಲು, ಅಕ್ಕಿಮೂಟೆ ಮುಂತಾದ ಭಾರದ ವಸ್ತುಗಳು ಕೆಳಗೆ, ಚಾಲಕನ ಕಡೆಗೆ ಒತ್ತಾಗಿರಲಿ. ಭಾರವೆಲ್ಲ ಹಿಂದೆ ಬಿದ್ದರೆ ನಮ್ಮ ಗುಡ್ಡದ ಏರುಗಳಲ್ಲಿ ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ, ನಿಲ್ಲಿಸಿಯೇ ಒಯ್ಯಬೇಕು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಮುಚ್ಚಳ ಹಾಕಿ, ನೆಟ್ಟಗೆ ಕಟ್ಟಬೇಕು. ಕನ್ನಡಿಗೆ ಹಾಸಿಗೆಯ ಒತ್ತು, ಉಪ್ಪಿನಕಾಯಿ ಭರಣಿಗೆ ಬೈಹುಲ್ಲಿನ ಆಸರೆ ಸಾಕು. ಒಂದೆರಡು ಮೈಲು ಹೋದ ಮೇಲೆ ನಿಲ್ಲಿಸಿ ಹಗ್ಗ ಬಿಗಿ ಮಾಡುವುದು ಲೇಸು. ಮಂಚದ ಕಾಲು ಗಾಡಿಯಿಂದ ಹೊರಚಾಚದಿರಲಿ. ಮಿತಿಮೀರಿ ಹೊರಚಾಚಿದ ಹೇರಿಗೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡವಿದೆ. ಸಾಮಾನಿನ ಮೇಲೆ ಮಕ್ಕಳನ್ನು ಕೂರಿಸುವುದಂತೂ ಸಲ್ಲದು.

ಇಷ್ಟೆಲ್ಲ ಜಾಗ್ರತೆ ಮಾಡುವ ನಾವು ಒಂದು ವಿಷಯದಲ್ಲಿ ಉದಾಸೀನರು. ಬಿಡಾರ ಎತ್ತುವ ಹಿಂದಿನ ದಿನ ಅಟ್ಟ ಗುಡಿಸಿ, ಗೆದ್ದಲು ಹಿಡಿದ ಹಳೆಯ ಕಾಗದವೆಂದು ಕಟ್ಟುಗಟ್ಟಲೆ ಗುಜರಿಗೆ ತೂಗಿಬಿಡುತ್ತೇವೆ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದಿನ ಮೂಲಗೇಣಿ ಚೀಟು, ಕ್ರಯಪತ್ರ, ಪಾಲುಪತ್ರಗಳು ನಮ್ಮ ಮನೆಗಳಲ್ಲಿ ಉಳಿದಿರುವುದು ಕನ್ನಡದಲ್ಲಿ. ಜಾಗದ ಹಕ್ಕಿಗೂ, ಈ ಮಣ್ಣಿನಲ್ಲಿ ನಮ್ಮ ನುಡಿ ಬಾಳಿತ್ತೆಂಬುದಕ್ಕೂ ಅವೇ ಸಾಕ್ಷಿ. ಮೋಡಿ ಬರವಣಿಗೆಯನ್ನು ಓದಬಲ್ಲ ಅಜ್ಜನೊಬ್ಬರು ಮನೆಯಲ್ಲಿದ್ದರೆ ಅವರ ಮುಂದೆ ಕಟ್ಟು ಬಿಚ್ಚಿ, ಯಾವುದು ಯಾವ ಜಾಗದ್ದೆಂದು ಮಕ್ಕಳ ಕೈಯಲ್ಲಿ ಚೀಟಿ ಬರೆಯಿಸಿ ಅಂಟಿಸಬೇಕು.

ಆ ಕಾಗದಗಳ ಪೆಟ್ಟಿಗೆ ಪಿಕಪ್ಪಿನ ಹೇರಿನೊಳಗೆ ಹೋಗಬಾರದು. ಮನೆಯವರಲ್ಲೊಬ್ಬರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಲಿ. ಒಡೆದ ಭರಣಿಗೆ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ. ಅಜ್ಜನ ಕಾಲದ ಚೀಟು ಸಿಗುವುದಿಲ್ಲ.