ಮುಯ್ಯಾಳು ಮತ್ತು ನೆರೆಹೊರೆಯ ಸ್ನೇಹ

ಮಳೆಯು ಒಕ್ಕಲುಮನೆಯ ಕಷ್ಟಸುಖವನ್ನು ವಿಚಾರಿಸಿ ಬರುವುದಿಲ್ಲ. ಮನೆಯಲ್ಲಿ ಕಾಯಿಲೆಯಿರಲಿ, ಸಾವಿರಲಿ, ಹದ ಬಂದಾಗ ಬಿತ್ತನೆಯಾಗದಿದ್ದರೆ ಆ ವರ್ಷದ ಹಿಟ್ಟು ಕೈತಪ್ಪಿದಂತೆಯೇ ಸರಿ. ಇದನ್ನು ಚೆನ್ನಾಗಿ ಅರಿತಿದ್ದ ಹಿಂದಿನವರು ಹಳೆಯ ಮೈಸೂರಿನ ರಾಗಿಯ ಸೀಮೆಯಲ್ಲಿ ಮುಯ್ಯಾಳು ಎಂಬ ಪದ್ಧತಿಯನ್ನು ನಡೆಸಿಕೊಂಡು ಬಂದರು. ಒಬ್ಬನ ಹೊಲದಲ್ಲಿ ಮತ್ತೊಬ್ಬನು ಕೂಲಿಯಿಲ್ಲದೆ ದುಡಿಯುವುದು, ಆ ದುಡಿಮೆಯನ್ನು ಮೊದಲಿನವನು ದುಡಿಮೆಯಿಂದಲೇ ತೀರಿಸುವುದು, ಇದೇ ಮುಯ್ಯಿ. ಇದು ಬರಿಯ ಕೆಲಸದ ವಿನಿಮಯವಾಗಿ ಮೊದಲಾಗಿ ಸ್ನೇಹವಾಗಿ ಬೆಳೆಯುವ ಬಗೆಯನ್ನು ತುಮಕೂರು ಸೀಮೆಯ ಎರಡು ಒಕ್ಕಲುಗಳ ವೃತ್ತಾಂತದಿಂದ ತಿಳಿಯಬಹುದು.

ಎತ್ತಿನ ಬೇಸಾಯವೊಂದೇ ಇದ್ದ ದಿನಗಳವು. ಎರಡು ಎಕರೆ ಖುಷ್ಕಿಯ ರೈತನೊಬ್ಬನು ಪುನರ್ವಸು ಮಳೆಯ ಆರಂಭದಲ್ಲಿ, ಎಂದರೆ ಜುಲೈ ತಿಂಗಳ ಮೊದಲನೆಯ ವಾರದಲ್ಲಿ, ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದನು. ಔಷಧೋಪಚಾರಕ್ಕಾಗಿ ಜೋಡಿಯಲ್ಲಿ ಒಂದು ಎತ್ತನ್ನು ಮಾರಬೇಕಾಯಿತು. ಒಂಟಿ ಎತ್ತಿನಿಂದ ಕೂರಿಗೆ ಸಾಗದು. ಮನೆಯಲ್ಲಿ ಉಳಿದವರು ಹೆಂಡತಿ, ಮುದುಕಿ ತಾಯಿ ಮತ್ತು ಹನ್ನೆರಡು ವರ್ಷದ ಮಗ. ಪಕ್ಕದ ಹೊಲದವನೊಡನೆ ಬದುವಿನ ವಿಷಯದಲ್ಲಿ ಮೂರು ವರ್ಷಗಳಿಂದ ಮಾತು ನಿಂತಿತ್ತು. ಆದುದರಿಂದ ಅವನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲು ಬಂದವಳು ಆ ನೆರೆಯವನ ಹೆಂಡತಿ. ರೋಗಿಗೆ ಗಂಜಿಯನ್ನು ತಂದಿಟ್ಟು, “ಗಂಡಸರ ಮಾತು ಬದುವಿನಾಚೆ ಇರಲಿ, ತಂಗಿ, ನೀನು ಉಣ್ಣದೆ ಎಷ್ಟು ದಿನವಾಯಿತು?” ಎಂದು ಕೇಳಿದಳು. ನಾಲ್ಕಾರು ದಿನ ಹೀಗೆಯೇ ನಡೆಯಿತು. ಬಳಿಕ ಒಂದು ಸಂಜೆ ಆಕೆಯ ಗಂಡನೇ ಬಾಗಿಲಲ್ಲಿ ಬಂದು ನಿಂತು, ತನ್ನ ಸಸಿಮಡಿಯಲ್ಲಿ ರಾಗಿಯ ಪೈರು ಹೆಚ್ಚಾಗಿ ಉಳಿಯುವುದೆಂದೂ, ಒಂದು ಎಕರೆಗಾದರೂ ನಾಟಿ ಮಾಡಬಹುದೆಂದೂ ತಿಳಿಸಿದನು.

ಕೂರಿಗೆಯ ಕಾಲ ಮೀರಿದ ಹೊಲಕ್ಕೆ ನಾಟಿಯು ಒಳ್ಳೆಯ ಉಪಾಯವೆಂಬುದು ಬೇಸಾಯಗಾರರಿಗೆ ತಿಳಿದ ವಿಷಯವೇ. ಪೈರು ಮೂರು ವಾರಗಳಷ್ಟು ಮೊದಲೇ ಮಡಿಯಲ್ಲಿ ಬೆಳೆದಿರುವುದರಿಂದ ತಡವಾದ ದಿನಗಳಲ್ಲಿ ಬಹುಭಾಗ ಕೂಡಿಬರುವುದು. ಆಗಸ್ಟ್ ಮೊದಲಲ್ಲಿ ಆಶ್ಲೇಷ ಮಳೆ ಬಿದ್ದೊಡನೆ ನೆರೆಯವನು ತನ್ನ ಜೋಡೆತ್ತನ್ನು ಕಟ್ಟಿ ಉತ್ತನು. ಅವನ ಮನೆಯ ಹೆಂಗಸರೂ ಕೇರಿಯ ಇನ್ನು ಕೆಲವರೂ ಸೇರಿ ಪೈರು ನೆಟ್ಟರು. ಉಳಿದ ಎಕರೆಗೆ ಹುಬ್ಬೆ ಮಳೆಯಲ್ಲಿ ಹುರುಳಿಯನ್ನು ಚೆಲ್ಲಲಾಯಿತು.

ಇಷ್ಟೆಲ್ಲ ನಡೆಯುತ್ತಿರುವಾಗ ಮನೆಯೊಡತಿಯು ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದ ಗೆರೆಗಳನ್ನು ಎಳೆಯುತ್ತ ಬಂದಳು. ಎತ್ತಿನ ದಿನಕ್ಕೆ ಉದ್ದ ಗೆರೆ, ಆಳಿನ ದಿನಕ್ಕೆ ಗಿಡ್ಡ ಗೆರೆ. ಇದನ್ನು ಕಂಡ ನೆರೆಯವನು, “ಕಷ್ಟಕಾಲದಲ್ಲಿ ಲೆಕ್ಕ ಯಾಕಮ್ಮ?” ಎಂದನು. “ಲೆಕ್ಕ ಇದ್ದರೆ ತಾನೇ ನಾಳೆ ನಿಮ್ಮೆದುರು ತಲೆಯೆತ್ತಿ ನಡೆಯಲಾಗುವುದು, ಅಣ್ಣಯ್ಯ?” ಎಂದು ಆಕೆ ಉತ್ತರ ಕೊಟ್ಟಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಮೊದಲು ಬಿತ್ತಿದ ನೆರೆಯವನ ರಾಗಿ ನವೆಂಬರಿನಲ್ಲಿ ಕುಯ್ಲಿಗೆ ಬಂದಿತು. ಆಕೆಯೂ ಮಗನೂ ಕುಡುಗೋಲು ಹಿಡಿದು ಹೋದರು. ಗೆರೆಗಳು ಒಂದೊಂದಾಗಿ ಅಳಿಸಿದುವು. ಕೊನೆಯ ಗೆರೆ ಅಳಿಸಿದ ಮರುದಿನ ಬೆಳಗ್ಗೆ ಅವರು ಮತ್ತೆ ಹೊಲದಲ್ಲಿ ಕಾಣಿಸಿಕೊಂಡರು. “ಲೆಕ್ಕ ನಿನ್ನೆಯೇ ತೀರಿತಲ್ಲಮ್ಮ” ಎಂದನು ನೆರೆಯವನು. “ಲೆಕ್ಕ ತೀರಿತು, ಅಣ್ಣಯ್ಯ, ಹೊಲ ಇನ್ನೂ ತೀರಿಲ್ಲವಲ್ಲ” ಎಂದು ಆಕೆ ಬಾಗಿ ಕುಯ್ಯತೊಡಗಿದಳು.

ಆ ವರ್ಷ ಅವರ ಕಣದಲ್ಲಿ ರಾಶಿ ದೊಡ್ಡದಾಗಿರಲಿಲ್ಲ; ಆದರೆ ಹಸಿವು ಬಾಗಿಲಿಗೆ ಬರಲಿಲ್ಲ. ಬೇಸಗೆಯ ವೇಳೆಗೆ ಚೇತರಿಸಿಕೊಂಡ ಯಜಮಾನನೂ ನೆರೆಯವನೂ ಒಟ್ಟಿಗೆ ನಿಂತು, ಜಗಳಕ್ಕೆ ಕಾರಣವಾಗಿದ್ದ ಬದುವನ್ನು ನೇರಮಾಡಿ, ಅದರ ಮೇಲೆ ಹೊಂಗೆಯ ಸಸಿಗಳನ್ನು ನೆಟ್ಟರು. ಅದರ ಸೊಪ್ಪು ಎರಡು ಹೊಲಗಳಿಗೂ ಗೊಬ್ಬರವಾಯಿತು.

ಈ ವೃತ್ತಾಂತದ ನೀತಿಯು ಸ್ಪಷ್ಟವಾಗಿದೆ. ಲೆಕ್ಕವಿಟ್ಟುದರಿಂದ ಕಷ್ಟದಲ್ಲಿದ್ದವರ ಮಾನ ಉಳಿಯಿತು. ಲೆಕ್ಕ ತೀರಿದ ಮೇಲೂ ಹೋದುದರಿಂದ ಸ್ನೇಹ ಹುಟ್ಟಿತು. ಲೆಕ್ಕವಿಲ್ಲದ ಉಪಕಾರವು ಕೆಲವೊಮ್ಮೆ ಹೊರೆಯಾಗುವುದು. ಲೆಕ್ಕದಲ್ಲಿಯೇ ನಿಂತ ಉಪಕಾರವು ವ್ಯಾಪಾರವಾಗುವುದು.

ಇಂದು ಅನೇಕ ಗ್ರಾಮಗಳಲ್ಲಿ ಉಳುಮೆಗೆ ಬಾಡಿಗೆಯ ಟ್ರಾಕ್ಟರು ಬರುತ್ತದೆ, ಮುಯ್ಯಾಳು ಕಡಮೆಯಾಗಿದೆ. ಆದರೆ ನಾಟಿ, ಕಳೆ, ಕುಯ್ಲುಗಳಿಗೆ ಹಲವೆಡೆ ಇನ್ನೂ ಕೈಗಳು ಬೇಕಾಗುತ್ತವೆ. ರೋಗಿಯ ಮನೆಗೆ ಯಂತ್ರವು ಗಂಜಿ ತರುವುದಿಲ್ಲ. ಆದುದರಿಂದ ರೈತರು ಕೆಳಗಿನ ವಿಷಯಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ರಾಗಿಯ ಸಸಿಮಡಿಯನ್ನು ಸ್ವಂತ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಮಾಡಬೇಕು. ಒಂದು ಎಕರೆ ನಾಟಿಗೆ ಸುಮಾರು 2 ಕಿಲೋ ಬೀಜ ಸಾಕು. ಉಳಿದ ಪೈರು ತನ್ನ ಹೊಲದ ಎಡೆ ತುಂಬಲು ಅಥವಾ ನೆರೆಯವನ ಆಪತ್ತಿಗೆ ಒದಗುವುದು.

2. 21ರಿಂದ 25 ದಿನಗಳ ಪೈರನ್ನು, ಸಾಲಿಗೂ ಸಾಲಿಗೂ 9 ಅಂಗುಲ, ಪೈರಿಗೂ ಪೈರಿಗೂ 4 ಅಂಗುಲ ಅಂತರವಿಟ್ಟು ನೆಡಬೇಕು.

3. ಎತ್ತಿನ ಇಲ್ಲವೆ ಯಂತ್ರದ ಒಂದು ದಿನಕ್ಕೆ ಎಷ್ಟು ಆಳಿನ ದಿನಗಳೆಂಬುದನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ಸಾಧ್ಯವಾದರೆ ಅದೇ ಬೆಳೆಯಲ್ಲಿ ಮುಯ್ಯಿ ತೀರಿಸಬೇಕು.

4. ನೆರೆಮನೆಯಲ್ಲಿ ಕಾಯಿಲೆಯೆಂದು ತಿಳಿದೊಡನೆ, ಅವರ ಹೊಲಕ್ಕೆ ಬಿತ್ತನೆಯಾಯಿತೆ ಎಂದು ವಿಚಾರಿಸಬೇಕು. ಕರೆಯುವವರೆಗೆ ಕಾದರೆ ಹದ ಹೋಗುವುದು.