ಎರಡು ಸೂಜಿ, ಒಂದೇ ದಾರ

1943ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಪಾದರಕ್ಷೆಗೂ ರೇಷನ್ ಹೇರಿತು. ಒಬ್ಬರಿಗೆ ವರ್ಷಕ್ಕೆ ಮೂರು ಜೊತೆ, ಅದಕ್ಕಿಂತ ಹೆಚ್ಚಿಲ್ಲ. ಚರ್ಮವೆಲ್ಲ ಸೈನಿಕರ ಬೂಟಿಗೆ, ಬೆಲ್ಟಿಗೆ ಹೋಗುತ್ತಿದ್ದ ಕಾಲ. ಟೆಕ್ಸಸ್ ರಾಜ್ಯದ ಫೋರ್ಟ್‌ವರ್ತ್‌ನಲ್ಲಿ ನಾರ್ಟನ್ ಹಿಂಕ್ಲಿ ಮತ್ತು ಡೇವ್ ಟ್ಯಾಂಡಿ ಎಂಬ ಇಬ್ಬರು ಪಾಲುದಾರರು 1919ರಿಂದ ಒಂದು ಅಂಗಡಿ ನಡೆಸಿಕೊಂಡು ಬಂದಿದ್ದರು. ಬೂಟು ರಿಪೇರಿ ಮಾಡುವವರಿಗೆ ಅಟ್ಟೆ, ಹಿಮ್ಮಡಿ, ಲೇಸು, ದಾರ ಒದಗಿಸುವುದು ಅವರ ವ್ಯಾಪಾರ. ಬೂಟಿಗೇ ರೇಷನ್ ಬಂದ ಮೇಲೆ ಅಂಥ ಅಂಗಡಿಯ ಪಾಡು ಊಹಿಸಬಹುದು.

ಡೇವ್ ಟ್ಯಾಂಡಿಯ ಮಗ ಚಾರ್ಲ್ಸ್ ಆಗ ನೌಕಾಪಡೆಯಲ್ಲಿದ್ದ, ಹವಾಯಿ ದ್ವೀಪದಲ್ಲಿ. ಅಲ್ಲಿನ ಸೇನಾ ಆಸ್ಪತ್ರೆಗಳಲ್ಲಿ, ಸೈನಿಕರ ಮನರಂಜನಾ ಕೇಂದ್ರಗಳಲ್ಲಿ ಅವನ ಕಣ್ಣಿಗೊಂದು ವಿಷಯ ಬಿತ್ತು. ಗಾಯಗೊಂಡು ಮಲಗಿದವರು, ಬಂದರಿನಲ್ಲಿ ದಿನ ಎಣಿಸುತ್ತಿದ್ದವರು ಚರ್ಮದ ತುಂಡು ಹಿಡಿದು ಪರ್ಸು ಹೆಣೆಯುತ್ತಿದ್ದರು, ಬೆಲ್ಟಿನ ಮೇಲೆ ಹೂಬಳ್ಳಿ ಒತ್ತುತ್ತಿದ್ದರು. ಬೂಟಿನ ಅಟ್ಟೆ ಮಾರುವುದು ಕಷ್ಟವಾದರೆ ಇದನ್ನು ಮಾರೋಣ ಎಂದು ಅವನು ತಂದೆಗೆ ಬರೆದ. ಇಂದು ಜಗತ್ತಿನ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ವಾರಾಂತ್ಯದಲ್ಲಿ ಹರಡಿಕೊಳ್ಳುವ ಚರ್ಮಗಾರಿಕೆಯೆಂಬ ಹವ್ಯಾಸಕ್ಕೆ ಒಂದು ಹುಟ್ಟೂರು ಹೇಳಬೇಕಾದರೆ ನಾನು ಆ ಆಸ್ಪತ್ರೆಯ ವಾರ್ಡುಗಳನ್ನೇ ಹೇಳುತ್ತೇನೆ.

ವಾರ್ಡಿಗೆ ಚರ್ಮ ಬಂದದ್ದು ಆಕಸ್ಮಿಕವಲ್ಲ. ಕೈಗೆ ಕೆಲಸ ಕೊಟ್ಟು ದೇಹವನ್ನೂ ಮನಸ್ಸನ್ನೂ ಚೇತರಿಸುವ ವಿದ್ಯೆ, ಆಕ್ಯುಪೇಷನಲ್ ಥೆರಪಿ, ಅಮೆರಿಕದಲ್ಲಿ 1917ರಲ್ಲಿ ತನ್ನದೇ ಸಂಘ ಕಟ್ಟಿಕೊಂಡಿತ್ತು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಬುಟ್ಟಿ ಹೆಣೆಯುವುದು, ನೇಯುವುದು, ಮರಗೆಲಸ ಇವೆಲ್ಲ ಔಷಧದ ಜೊತೆಗೇ ಸಿಗುತ್ತಿದ್ದವು. ಚರ್ಮ ಇವೆಲ್ಲಕ್ಕಿಂತ ಅನುಕೂಲ. ಮಗ್ಗ ಬೇಡ, ಹಾಸಿಗೆಯಲ್ಲಿ ಕೂತೇ ಮಾಡಬಹುದು. ಮೊದಲೇ ತೂತು ಹೊಡೆದ ತುಂಡಿನ ಅಂಚಿಗೆ ತೆಳುವಾದ ಚರ್ಮದ ಲೇಸನ್ನು ಸುತ್ತಿ ಹೆಣೆದರೆ ಪರ್ಸು ತಯಾರು. ಆ ಹೆಣಿಗೆ ಆಸ್ಪತ್ರೆಯನ್ನು ಇವತ್ತಿಗೂ ಬಿಟ್ಟಿಲ್ಲ. ಕ್ಲಾಡಿಯಾ ಅಲೆನ್ ಎಂಬ ಅಮೆರಿಕದ ಚಿಕಿತ್ಸಕಿ ರೂಪಿಸಿದ ಪರೀಕ್ಷೆಯೊಂದರಲ್ಲಿ ರೋಗಿಯ ಕೈಗೆ ತೂತು ಹೊಡೆದ ಚರ್ಮದ ತುಂಡು ಕೊಟ್ಟು, ಮೊದಲು ಸರಳ ಹೊಲಿಗೆ, ಆಮೇಲೆ ಅಂಚು ಸುತ್ತುವ ಹೊಲಿಗೆ, ಕೊನೆಗೆ ಕಷ್ಟದ ಕಾರ್ಡೋವನ್ ಹೆಣಿಗೆ ಮಾಡಲು ಹೇಳುತ್ತಾರೆ. ಎಲ್ಲಿ ಕೈ ನಿಲ್ಲುತ್ತದೆ, ತಪ್ಪಿದ್ದನ್ನು ತಾನೇ ಕಂಡುಕೊಂಡು ಬಿಚ್ಚುತ್ತಾರೆಯೇ ಎಂಬುದರಿಂದ ಆ ವ್ಯಕ್ತಿಯ ಗ್ರಹಿಕೆಯ ಮಟ್ಟ ಅಳೆಯುತ್ತಾರೆ.

ಯುದ್ಧ ಮುಗಿದು ಚಾರ್ಲ್ಸ್ ಊರಿಗೆ ಬಂದ. 1950ರಲ್ಲಿ ಪಾಲುದಾರಿಕೆ ಒಡೆಯಿತು. ಹಿಂಕ್ಲಿ ಬೂಟಿನ ಸಾಮಗ್ರಿಯ ಜೊತೆ ಉಳಿದರು, ಟ್ಯಾಂಡಿ ಕುಟುಂಬ ಹವ್ಯಾಸದ ಚರ್ಮವನ್ನು ಆರಿಸಿಕೊಂಡಿತು. ಕತ್ತರಿಸಿದ ಚರ್ಮ, ಲೇಸು, ಸೂಜಿ, ನಕ್ಷೆ ಎಲ್ಲ ಒಂದೇ ಪೊಟ್ಟಣದಲ್ಲಿಟ್ಟು ಅಂಚೆಯಲ್ಲೂ ಅಂಗಡಿಯಲ್ಲೂ ಮಾರಿದರು. ಮಕ್ಕಳ ಬೇಸಿಗೆ ಶಿಬಿರಗಳಿಗೆ, ಶಾಲೆಗಳಿಗೆ ಆ ಪೊಟ್ಟಣ ಹೋಯಿತು. ಅದರ ಲಾಭದಿಂದ ಬೆಳೆದ ಕಂಪನಿ 1963ರಲ್ಲಿ ರೇಡಿಯೊ ಶ್ಯಾಕ್ ಅಂಗಡಿಗಳನ್ನು ಕೊಂಡಿತು, 1977ರಲ್ಲಿ ಟಿಆರ್‌ಎಸ್-80 ಎಂಬ ಮನೆಬಳಕೆಯ ಕಂಪ್ಯೂಟರ್ ತಂದಿತು. ಆ ಹೆಸರಿನ ಮೊದಲಕ್ಷರ ಟ್ಯಾಂಡಿಯದೇ. ಆದರೆ ಆ ಪೊಟ್ಟಣ ಬಿಚ್ಚಿದವನ ಕೈಗೆ ಏನು ಸಿಗುತ್ತಿತ್ತು ಎಂಬುದೇ ನನಗೆ ಹೆಚ್ಚು ಮುಖ್ಯ.

ಮೊದಲು ಸಿಗುವುದು ನೀರಿನ ಗುಟ್ಟು. ತೊಗಟೆಯಿಂದ ಹದ ಮಾಡಿದ ಚರ್ಮವನ್ನು ಸ್ಪಂಜಿನಿಂದ ಒದ್ದೆ ಮಾಡಿ ಸುಮ್ಮನೆ ಬಿಡಬೇಕು. ಕಪ್ಪಾದ ಮೈ ನಿಧಾನವಾಗಿ ತಿಳಿಯಾಗಿ ಹೆಚ್ಚುಕಡಿಮೆ ಮೂಲ ಬಣ್ಣಕ್ಕೆ ಮರಳುತ್ತದೆ, ಆದರೆ ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿರುತ್ತದೆ. ಅದೇ ಸಮಯ. ಆಗ ಉಗುರಿನ ಗೀರು ಕೂಡ ಅಚ್ಚಾಗಿ ನಿಲ್ಲುತ್ತದೆ. ಮೊದಲೇ ಒತ್ತಿದರೆ ಅಚ್ಚು ಮೆತ್ತಗೆ ಹರಡಿಹೋಗುತ್ತದೆ, ತಡವಾದರೆ ಮೂಡುವುದೇ ಇಲ್ಲ. ಚಪಾತಿ ಹಿಟ್ಟಿನ ಹದದ ಹಾಗೆ ಇದನ್ನು ಗಡಿಯಾರ ನೋಡಿ ಹೇಳಲಾಗದು, ಬೆರಳೇ ಕಲಿಯಬೇಕು. ತಿರುಗುವ ಚಾಕುವಿನಿಂದ ಹೂವಿನ ಗೆರೆಯನ್ನು ಅರ್ಧ ದಪ್ಪದವರೆಗೆ ಸೀಳಿ, ಗೆರೆಯ ಹೊರಬದಿಯನ್ನು ಉಕ್ಕಿನ ಅಚ್ಚಿನಿಂದ ತಟ್ಟುತ್ತ ಹೋದರೆ ದಳ ಮೇಲೆದ್ದು ಕಾಣತೊಡಗುತ್ತದೆ. ಕೆತ್ತನೆ ಎನ್ನುತ್ತೇವೆ, ಆದರೆ ಒಂದು ಚೂರು ಚರ್ಮವನ್ನೂ ತೆಗೆದಿರುವುದಿಲ್ಲ. ತಗ್ಗಿಸಿದ್ದಷ್ಟೇ. ಇದನ್ನು ಮೊದಲ ಸಲ ಕಂಡಾಗಿನ ಸಂತೋಷ ಬಹಳ ದಿನ ಉಳಿಯುವಂಥದ್ದು. ಅಡಿಗೆ ಭಾರವಾದ ಕಲ್ಲಿದ್ದರೆ ಅಚ್ಚು ಇನ್ನೂ ಸ್ಪಷ್ಟ. ಬೆಂಗಳೂರಿನ ಹವ್ಯಾಸಿಗಳಿಗೆ ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದ ಗ್ರಾನೈಟ್ ತುಂಡು ಧಾರಾಳವಾಗಿ ಸಾಕು.

ಇನ್ನೊಂದು ಗುಟ್ಟು ಅಂಚಿನದು. ಕತ್ತರಿಸಿದ ಚರ್ಮದ ಅಂಚು ನಾರುನಾರಾಗಿ ನೋಡಲು ಬಡಕಲಾಗಿರುತ್ತದೆ. ಮೂಲೆಯ ಏಣನ್ನು ಸಣ್ಣ ಉಳಿಯಿಂದ ಹೆರೆದು, ನೀರೋ ಅಂಟೋ ಸವರಿ, ಗಟ್ಟಿ ಮರದ ತುಂಡಿನಿಂದ ಬಿರುಸಾಗಿ ಉಜ್ಜಿದರೆ ಆ ಬಿಸಿಗೆ ನಾರುಗಳು ಒಂದಕ್ಕೊಂದು ಅಂಟಿ, ಎರಡು ಪದರ ಒಂದೇ ಆಗಿ, ಗಾಜಿನಂತೆ ನುಣುಪಾಗುತ್ತದೆ. ದುಡ್ಡು ಕೊಟ್ಟು ಕೊಂಡ ಪರ್ಸಿನ ಅಂಚನ್ನು ಇದಾದ ಮೇಲೆ ಯಾರೂ ಹಳೆಯ ಕಣ್ಣಿನಿಂದ ನೋಡಲಾರರು. ಅಲ್ಲಿ ಇರುವುದು ಬಹುಪಾಲು ಬಳಿದ ಬಣ್ಣ.

ಒದ್ದೆ ಚರ್ಮದ ಮೇಲೆ ಕಬ್ಬಿಣದ ಉಪಕರಣ ಬಿಟ್ಟು ಹೋದರೆ ನೀಲಿಗಪ್ಪು ಕಲೆ ಬೀಳುತ್ತದೆ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಹುಟ್ಟುವ ಬಣ್ಣವದು. ಕಲೆಯನ್ನೇ ಬಣ್ಣ ಮಾಡಿಕೊಂಡವರೂ ಇದ್ದಾರೆ. ವಿನೆಗರ್‌ನಲ್ಲಿ ಕಬ್ಬಿಣದ ಚೂರು ನೆನೆಸಿ ಬಳಿದರೆ ಕಂದು ಚರ್ಮ ಕಣ್ಣೆದುರೇ ಕಪ್ಪಾಗುತ್ತದೆ. ಕೈಗೆ ಅಂಟುವ ಬಣ್ಣವಲ್ಲ, ಚರ್ಮದೊಳಗೇ ಹುಟ್ಟಿದ್ದು. ನಮ್ಮ ಹಿರಿಯರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಕಾಸಿದ್ದೂ ಇದೇ ರಸಾಯನ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಹೊಲಿಗೆ. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಅದು. ಒಂದೇ ದಾರ, ಎರಡು ತುದಿಗೂ ಒಂದೊಂದು ಮೊಂಡು ಸೂಜಿ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ಅಳೆದು ಜೇನುಮೇಣ ಸವರಬೇಕು. ಚರ್ಮವನ್ನು ಮರದ ಇಕ್ಕಳದಲ್ಲಿ ಕಚ್ಚಿಸಿ ತೊಡೆಗಳ ನಡುವೆ ಹಿಡಿದು, ವಜ್ರಾಕಾರದ ಮೊನೆಯ ಆರೆಯಿಂದ ತೂತು ಚುಚ್ಚಿ, ಆ ಒಂದೇ ತೂತಿನಲ್ಲಿ ಎಡಗೈಯ ಸೂಜಿ ಬಲಕ್ಕೆ, ಬಲಗೈಯದು ಎಡಕ್ಕೆ. ಎರಡೂ ಕೈ ಸಮನಾಗಿ ಎಳೆಯಬೇಕು. ಯಾವ ಸೂಜಿ ಮೊದಲು, ಯಾವುದು ಮೇಲೆ ಎಂಬ ಕ್ರಮ ಒಮ್ಮೆ ಹಿಡಿದರೆ ಕೊನೆಯ ತೂತಿನವರೆಗೆ ತಪ್ಪಬಾರದು. ತಪ್ಪಿದ ಕಡೆ ಹೊಲಿಗೆಯ ಓರೆ ಬದಲಾಗಿ ಎದ್ದು ಕಾಣುತ್ತದೆ.

ಯಂತ್ರದ ಹೊಲಿಗೆ ಹೀಗಲ್ಲ. ಅಲ್ಲಿ ಮೇಲಿನ ದಾರ ಮೇಲೇ, ಕೆಳಗಿನದು ಕೆಳಗೇ. ಚರ್ಮದ ನಡುವೆ ಒಂದನ್ನೊಂದು ಕೊಂಡಿ ಹಾಕಿಕೊಂಡು ನಿಂತಿರುತ್ತವೆ. ಒಂದು ಕಡೆ ಸವೆದು ಹರಿದರೆ ಸಾಲು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಜೀನಿನ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ಎರಡೂ ಎಳೆ ಪೂರ್ತಿ ದಾಟುತ್ತವೆ. ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಓಡುವ ಕುದುರೆಯ ಬಾರು ಕಿತ್ತರೆ ಸವಾರನ ಪ್ರಾಣಕ್ಕೇ ಕುತ್ತಾದ್ದರಿಂದ ಈ ಜಾಗರೂಕತೆ. ಯಂತ್ರ ಬಂದು ಎಷ್ಟೋ ಕಾಲವಾಗಿದ್ದರೂ ಸಾಮಾನ್ಯ ಹೊಲಿಗೆ ಯಂತ್ರ ಈ ಹೊಲಿಗೆ ಹಾಕಲಾರದು. ಯಾಕೆಂದರೆ ಇಡೀ ದಾರ ಪ್ರತಿ ತೂತಿನಲ್ಲೂ ಹಾದುಹೋಗಬೇಕು.

ಕಾರು ಬಂದು ಕುದುರೆ ಹೋದಾಗ ಈ ವಿದ್ಯೆಯೂ ಹೋಗಬೇಕಾಗಿತ್ತು, ಹೋಗಲಿಲ್ಲ. 1837ರಲ್ಲಿ ಕುದುರೆ ಸರಂಜಾಮಿನ ಕಾರ್ಖಾನೆಯಾಗಿ ಪ್ಯಾರಿಸ್ಸಿನಲ್ಲಿ ಶುರುವಾದ ಎರ್ಮೆಸ್ ಅದೇ ಹೊಲಿಗೆಯನ್ನು ಕೈಚೀಲಗಳಿಗೆ ಒಯ್ದಿತು. ಇಂಗ್ಲೆಂಡಿನ ವಾಲ್ಸಾಲ್ ಪಟ್ಟಣದಲ್ಲಿ ಜೀನುಗಾರರ ನೆನಪು ಎಷ್ಟು ಗಟ್ಟಿಯೆಂದರೆ ಅಲ್ಲಿನ ಫುಟ್‌ಬಾಲ್ ತಂಡವನ್ನು ಜನ ಇಂದಿಗೂ ಸ್ಯಾಡ್ಲರ್ಸ್ ಎಂದೇ ಕರೆಯುತ್ತಾರೆ. ಆದರೆ ಮನೆಯ ಮೇಜಿಗೆ ಅದನ್ನು ತಂದದ್ದು ಅಮೆರಿಕದ ಅಲ್ ಸ್ಟೋಲ್‌ಮನ್. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಈತ ಆಮೇಲೆ ಹೆಂಡತಿ ಆ್ಯನ್ ಜೊತೆ ಸೇರಿ ಇಡೀ ಬದುಕನ್ನು ಚರ್ಮದ ಕೆಲಸ ಕಲಿಸುವುದಕ್ಕೆ ಕೊಟ್ಟ. 1977ರಲ್ಲಿ ಬಂದ ಅವನ ಕೈಹೊಲಿಗೆಯ ಪುಸ್ತಕದಲ್ಲಿ ಚಿತ್ರಗಳೇ ಪಾಠ. ಬೆರಳು ಎಲ್ಲಿರಬೇಕು, ಆರೆಯ ಓರೆ ಎಷ್ಟು, ಸೂಜಿಗೆ ದಾರ ಹೇಗೆ ಕಟ್ಟಬೇಕು ಎಂಬ ಒಂದೊಂದು ಹೆಜ್ಜೆಗೂ ಒಂದು ಚಿತ್ರ. ಕುಶಲಕರ್ಮಿಗಳು ಮಗನಿಗೋ ಶಿಷ್ಯನಿಗೋ ಮಾತ್ರ ತೋರಿಸುತ್ತಿದ್ದುದನ್ನು ಅವನು ಅಪರಿಚಿತರೆಲ್ಲರ ಮುಂದೆ ಬಿಚ್ಚಿಟ್ಟ. ಇಷ್ಟು ಉದಾರಿಯಾದ ಮೇಷ್ಟ್ರು ಎಲ್ಲ ಕಸುಬಿಗೂ ಸಿಗುವುದಿಲ್ಲ.

ಚರ್ಮ ಕೊಳ್ಳಲು ಹೊರಟವರಿಗೆ ಇನ್ನೊಂದು ವ್ಯತ್ಯಾಸ ತಿಳಿಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಚರ್ಮ ಬಹುಪಾಲು ಕ್ರೋಮ್‌ನಿಂದ ಹದಗೊಂಡದ್ದು. ಅಗಸ್ಟಸ್ ಷುಲ್ಟ್ಜ್ 1884ರಲ್ಲಿ ಅಮೆರಿಕದಲ್ಲಿ ಅದರ ಪೇಟೆಂಟ್ ಪಡೆದ. ತೊಗಟೆಯ ಗುಂಡಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಯಬೇಕಾದ ತೊಗಲು ಕ್ರೋಮ್‌ನಲ್ಲಿ ಒಂದೆರಡು ದಿನದಲ್ಲಿ ಹದವಾಗುತ್ತದೆ. ಮೃದು, ನೀರಿಗೆ ಜಗ್ಗದು. ಆದರೆ ಅಚ್ಚು ಒತ್ತಿದರೆ ಮರಳಿ ಉಬ್ಬಿಬಿಡುತ್ತದೆ, ಅಂಚು ಉಜ್ಜಿದರೆ ಹೊಳೆಯುವುದಿಲ್ಲ. ಈ ವಿದ್ಯೆಯನ್ನು 20ನೇ ಶತಮಾನದ ಆರಂಭದಲ್ಲಿ ಮದ್ರಾಸಿಗೆ ತಂದವರು ಆಲ್‌ಫ್ರೆಡ್ ಚಾಟರ್ಟನ್. ನೀರಿನಲ್ಲಿ ಕೊಳೆಯದ ಈ ಚರ್ಮ ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲಕ್ಕೆ ಒದಗಿತು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು.

ತೊಗಟೆಯ ಹದ ಮಾತ್ರ ನಮ್ಮಲ್ಲಿ ಬಹಳ ಹಳೆಯದು. ತಮಿಳುನಾಡಿನ ಚರ್ಮದ ಹೆಸರು ಲಂಡನ್ನಿನವರೆಗೆ ಹೋದದ್ದು ತಂಗಡಿ ಗಿಡದ ತೊಗಟೆಯಿಂದ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಚರ್ಮವೇ ಕೊಲ್ಹಾಪುರಿ ಚಪ್ಪಲಿ. ಮೊಳೆಯಿಲ್ಲ, ಚರ್ಮದ ಎಳೆಯಿಂದಲೇ ಹೊಲಿಗೆ. ಅದರ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ. ಟೆಕ್ಸಸ್ಸಿನ ಮನೆಯ ಮೇಜಿಗೆ ಚರ್ಮ ಬಂದಾಗ ಅದರ ಹಿಂದೆ ಕೌಬಾಯ್‌ನ ಹೆಮ್ಮೆ ಇತ್ತು. ನಮ್ಮಲ್ಲಿ ಅದೇ ಚರ್ಮವನ್ನು ಕೆಲವು ಜಾತಿಗಳ ತಲೆಗೆ ಕಟ್ಟಿ, ಅದನ್ನು ಮುಟ್ಟಿದ ಕೈಯನ್ನೇ ದೂರವಿಟ್ಟೆವು. 12ನೇ ಶತಮಾನದ ಕಲ್ಯಾಣದಲ್ಲಿ ಚರ್ಮದ ಕಸುಬಿನ ಡೋಹರ ಕಕ್ಕಯ್ಯ, ಹರಳಯ್ಯ ಶರಣರ ಸಾಲಿನಲ್ಲಿ ಕೂತರು. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಹೊಲಿದ ಕಥೆ ಶರಣ ಪರಂಪರೆಯಲ್ಲಿ ಬಂದಿದೆ. ಆ ಮೇಲೂ ಎಂಟು ಶತಮಾನ ಕಸುಬು ಹುಟ್ಟಿಗೇ ಅಂಟಿಕೊಂಡಿತು, ಅವಮಾನವೂ ಅಂಟಿಕೊಂಡಿತು. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಸುವಾಸನೆಯ ಚರ್ಮದ ಮೇಲೆ ಹೂ ಒತ್ತುವ ನಾವು, ಹದದ ಗುಂಡಿಯ ವಾಸನೆಯನ್ನು ಬೇರೆಯವರ ಕೈ ಹೊತ್ತಿದೆ ಎಂಬುದನ್ನು ತಿಳಿದೇ ಒತ್ತಬೇಕು.

ಪಾಠ ಹೇಳುವವರೂ ಹತ್ತಿರದಲ್ಲೇ ಇದ್ದಾರೆ. ಬಸ್ ನಿಲ್ದಾಣದ ಪಕ್ಕ ಕೊಡೆಯ ಕೆಳಗೆ ಕೂತು ಚಪ್ಪಲಿ ಹೊಲಿಯುವವರ ಕೈಯನ್ನು ಗಮನಿಸಿ. ಅವರದು ಎರಡು ಸೂಜಿಯ ಹೊಲಿಗೆಯಲ್ಲ. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಆರೆಯನ್ನು ಮೇಲಿನಿಂದ ಚುಚ್ಚಿ, ಕೆಳಗೆ ಕಾದಿದ್ದ ದಾರವನ್ನು ಕುಣಿಕೆಯಾಗಿ ಮೇಲಕ್ಕೆಳೆದು, ಆ ಕುಣಿಕೆಯೊಳಗೆ ದಾರದ ಇನ್ನೊಂದು ತುದಿ ತೂರಿಸಿ ಬಿಗಿಯುತ್ತಾರೆ. ಯಂತ್ರದ ಕೊಂಡಿ ಹೊಲಿಗೆಯನ್ನೇ ಬರಿಗೈಯಲ್ಲಿ, ಯಂತ್ರದ ಮೂತಿ ತಲುಪಲಾಗದ ಬೂಟಿನ ಒಳಮೂಲೆಯಲ್ಲೂ ಹಾಕಬಲ್ಲರು.  ಎರಡು ಸೂಜಿ ಹಿಡಿದವರು ಇಷ್ಟು ಬೇಗ ಆ ಮೂಲೆ ಮುಟ್ಟಲಾರರು. ಹವ್ಯಾಸಿಗಳಿಗೆಂದು ಮಾರುವ ಪೆಟ್ಟಿಗೆಗಳಲ್ಲಿ ತೂತಿನ ಗುರುತು ಒತ್ತುವ ಫ್ರೆಂಚ್ ಮಾದರಿಯ ಮುಳ್ಳುಕಬ್ಬಿಣ ಇರುತ್ತದೆ, ಜಪಾನಿ ಉಳಿ ಇರುತ್ತದೆ. ಈ ಕೊಕ್ಕೆಯ ಆರೆಯೂ ಇರಬೇಕು. ಅದನ್ನು ಹಿಡಿಯುವುದು ಹೇಗೆಂದು ತೋರಿಸಲು ಕಾರ್ಯಾಗಾರಗಳಿಗೆ ಈ ಕಸುಬಿನವರನ್ನೇ ಗುರುಗಳಾಗಿ ಕರೆಯಬೇಕು, ಬೇರೆ ತರಬೇತುದಾರರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು.